ಮಾತೂ ಒಂದು ಅಮಾನತ್



ಕವಿತೆ ಎಂದರೇ ನಿಷಿದ್ಧವೆಂದು ನಮ್ಮಲ್ಲಿ ಕೆಲವರು ತಿಳಿದಿದ್ದಾರೆ. ಚೆನ್ನಾಗಿ ಹಾಡಿದರೆ ಸಾಕು, ಏನು ಹಾಡಿದರೂ ನಡೆಯುತ್ತದೆ ಎನ್ನುವವರೂ ಇದ್ದಾರೆ. ಪವಿತ್ರ ಕುರ್‌ಆನ್ ಇವೆರಡನ್ನೂ ಒಪ್ಪುವುದಿಲ್ಲ. ಅದರ 26ನೆಯ ಅಧ್ಯಾಯಕ್ಕೆ ‘ಅಶ್ಶುಅರಾ’, ಅಂದರೆ ‘ಕವಿಗಳು’ ಎಂದೇ ಹೆಸರು. ಗುರಿಯಿಲ್ಲದೆ ಅಲೆಯುವ, ತಾವು ಮಾಡದ್ದನ್ನು ಹೇಳುವ ಕವಿಗಳನ್ನು ಅದರ ಕೊನೆಯ ವಚನಗಳು ಖಂಡಿಸುತ್ತವೆ. ಆದರೆ ಸತ್ಯವಿಶ್ವಾಸವಿಟ್ಟು, ಸತ್ಕರ್ಮವೆಸಗಿ, ಅಲ್ಲಾಹನನ್ನು ಧಾರಾಳವಾಗಿ ಸ್ಮರಿಸುವವರನ್ನು ಅಲ್ಲಿಯೇ ಹೊರತುಪಡಿಸುತ್ತವೆ. ಪ್ರವಾದಿವರ್ಯರ(ಸ) ಪರವಾಗಿ ಕವಿತೆಯಲ್ಲೇ ಉತ್ತರ ಕೊಟ್ಟ ಹಸ್ಸಾನ್ ಬಿನ್ ಸಾಬಿತ್(ರ) ಅಂಥವರು.

ಹಾಗಾದರೆ ಅಳತೆಗೋಲು ಯಾವುದು? ಮಾತಿನ ಹಿಂದೆ ನಡತೆ ಇದೆಯೇ ಎಂಬುದು.

ಈ ಅಳತೆಗೋಲನ್ನು ನಮ್ಮ ನಾಡಿನ ಇತಿಹಾಸದ ಮೇಲಿಟ್ಟು ನೋಡೋಣ. 14ನೆಯ ಶತಮಾನದ ಕೊನೆಯಲ್ಲಿ ಕಲಬುರಗಿಯಲ್ಲಿ ಬಹಮನಿ ಸುಲ್ತಾನರ ಆಳ್ವಿಕೆಯಿತ್ತು. ಪರ್ಷಿಯಾದ ಶೀರಾಝ್ ನಗರದ ಮಹಾಕವಿ ಹಾಫಿಝರಿಗೆ ಅಲ್ಲಿಂದ ಆಮಂತ್ರಣವೂ ದಾರಿಖರ್ಚೂ ಹೋದವು. ಮುಂದಿನದನ್ನು ಬಿಜಾಪುರದಲ್ಲಿದ್ದು ಇತಿಹಾಸ ಬರೆದ ಫಿರಿಶ್ತಾ ದಾಖಲಿಸಿದ್ದಾನೆ. ಹಾಫಿಝರು ಆ ಹಣದಿಂದ ಮೊದಲು ಸಾಲ ತೀರಿಸಿದರು, ಸಹೋದರಿಯ ಮಕ್ಕಳಿಗೆ ಕೊಟ್ಟರು. ದಾರಿಯಲ್ಲಿ ದರೋಡೆಗೆ ಸಿಕ್ಕಿದ ಪರಿಚಯಸ್ಥನೊಬ್ಬ ಎದುರಾದಾಗ ಉಳಿದದ್ದನ್ನೂ ಅವನ ಕೈಗಿತ್ತರು. ವ್ಯಾಪಾರಿಗಳ ನೆರವಿನಿಂದ ಹೊರ್ಮುಝ್ ಬಂದರು ತಲುಪಿ ಹಡಗು ಹತ್ತಿದರಾದರೂ ಬಿರುಗಾಳಿಗೆ ಹೆದರಿ ಇಳಿದುಬಿಟ್ಟರು. ಕಲಬುರಗಿಗೆ ಅವರು ಬರಲಿಲ್ಲ, ಅವರ ಕವಿತೆ ಮಾತ್ರ ಬಂತು. ಆದರೆ ಸಾಲಗಾರನನ್ನೂ ಬಂಧುವನ್ನೂ ನಿರ್ಗತಿಕನನ್ನೂ ಮರೆಯದ ಆ ಕೈ, ಕವಿತೆಯಷ್ಟೇ ನೆನಪಿಡಬೇಕಾದದ್ದಲ್ಲವೇ?

ಮುಂದಿನ ಶತಮಾನದಲ್ಲಿ ರಾಜಧಾನಿ ಬೀದರ್ ಆಗಿತ್ತು. ಗೀಲಾನಿನಿಂದ ವ್ಯಾಪಾರಿಯಾಗಿ ಬಂದ ಮಹಮೂದ್ ಗವಾನ್ ಅಲ್ಲಿ ಪ್ರಧಾನ ಮಂತ್ರಿಯಾದರು. ಪತ್ರಬರಹದಲ್ಲಿ ಅವರದು ಎತ್ತಿದ ಕೈ. ಹಿರಾತಿನ ಕವಿ ಜಾಮಿ(1414–1492)ಯೊಂದಿಗೆ ಅವರಿಗೆ ಪತ್ರವ್ಯವಹಾರವಿತ್ತು. 1472ರಲ್ಲಿ ಪೂರ್ಣಗೊಂಡ ಅವರ ಮದ್ರಸದ ಕಟ್ಟಡ ಅರ್ಧ ಕುಸಿದರೂ ಇಂದಿಗೂ ಬೀದರಿನಲ್ಲಿ ನಿಂತಿದೆ.

ಇಂಥವರ ಪ್ರಾಣ ತೆಗೆದದ್ದೂ ಒಂದು ಪತ್ರವೇ! ವೈರಿಗಳು ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಗವಾನರ ಮುದ್ರೆ ಒತ್ತಿಸಿದರು. ಒಡಿಶಾದ ಅರಸನಿಗೆ ಬರೆದಂತೆ ದ್ರೋಹದ ಪತ್ರ ಸೃಷ್ಟಿಸಿ ಸುಲ್ತಾನನ ಮುಂದಿಟ್ಟರು. ಮುದ್ರೆ ನನ್ನದು, ಪತ್ರ ನನ್ನದಲ್ಲ ಎಂದು ಗವಾನ್ ಹೇಳಿದರು. ಮದ್ಯದ ಅಮಲಿನಲ್ಲಿದ್ದ ಸುಲ್ತಾನ ವಿಚಾರಿಸಲಿಲ್ಲ. 1481ರ ಏಪ್ರಿಲ್‌ನಲ್ಲಿ ಆ ವೃದ್ಧ ಮಂತ್ರಿಯ ತಲೆ ಉರುಳಿತು. ಬಳಿಕ ಅವರ ಖಜಾನೆ ತೆರೆದು ನೋಡಿದರೆ ಅಲ್ಲಿ ಸಂಪತ್ತೇ ಇರಲಿಲ್ಲ. ಸ್ವಂತ ವ್ಯಾಪಾರದ ಗಳಿಕೆಯಲ್ಲಿ ಅವರು ಸರಳವಾಗಿ ಬದುಕಿದ್ದರು. ಸುಲ್ತಾನ ಪಶ್ಚಾತ್ತಾಪಪಟ್ಟ, ಆದರೆ ಹೋದ ಜೀವ ಮರಳೀತೇ? ಮರುವರ್ಷ ಅವನೂ ತೀರಿಕೊಂಡ.

ಸುದ್ದಿ ತಂದವನು ನಂಬಿಕೆಗೆ ಅರ್ಹನಲ್ಲದಿದ್ದರೆ ಮೊದಲು ವಿಚಾರಿಸಿರಿ, ಇಲ್ಲವಾದರೆ ಅರಿಯದೆ ಜನರಿಗೆ ಹಾನಿ ಮಾಡಿ ಪರಿತಪಿಸುವಿರಿ ಎಂಬುದು ‘ಅಲ್‌ಹುಜುರಾತ್’ ಅಧ್ಯಾಯದ ಬೋಧನೆ. ಆ ಸುಲ್ತಾನನ ಅರಮನೆಯಲ್ಲೂ ಕುರ್‌ಆನ್ ಓದಲಾಗುತ್ತಿತ್ತು. ಪಾಲನೆ ಮಾತ್ರ ಆಗಲಿಲ್ಲ.

ಇದೆಲ್ಲ ಅರಸರ ಕಾಲದ ಕಥೆ ಎಂದು ಪುಟ ತಿರುವಬೇಡಿ. ಶೃಂಗೇರಿ ತಾಲೂಕಿನ ಕೆರೆಕಟ್ಟೆಯಂಥ ಊರನ್ನೇ ನೋಡಿ. ಕಾಡು-ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಅಂಗಡಿಯ ಮುಂದೆ ಆಡಿದ ಮಾತು, ಆಡಿದವನು ಮನೆ ಸೇರುವ ಮೊದಲೇ ಊರು ಸೇರಿರುತ್ತದೆ. ಒಂದು ಗಾಳಿಮಾತಿಗೆ ಕೂಡಿಬಂದ ಮದುವೆ ಮುರಿಯುತ್ತದೆ, ತಲೆಮಾರುಗಳಿಂದ ಜೊತೆಗಿದ್ದ ನೆರೆಯವರು ಮುಖ ತಿರುಗಿಸುತ್ತಾರೆ. ಅಂದು ಸುಳ್ಳು ಪತ್ರಕ್ಕೆ ಒಂದು ಮುದ್ರೆಯಾದರೂ ಬೇಕಿತ್ತು. ಇಂದು ಮೊಬೈಲಿನ ಮೇಲೆ ಹೆಬ್ಬೆರಳು ಆಡಿಸಿದರೆ ಸಾಕು.

ಆದ್ದರಿಂದ ಕೇಳಿದ್ದನ್ನು ಮುಂದಕ್ಕೆ ದಾಟಿಸುವ ಮೊದಲು ತಡೆದು ನಿಲ್ಲಿ. ಆರೋಪ ಕೇಳಿದರೆ ಆರೋಪಿತನ ಮಾತನ್ನೂ ಕೇಳಿ. ನಿಮ್ಮ ಮಕ್ಕಳು ಹಾಡಲಿ, ಕವಿತೆ ಕಟ್ಟಲಿ. ಆದರೆ ಹೇಳಿದಂತೆ ನಡೆಯುವುದನ್ನು ಅವರು ನಿಮ್ಮನ್ನು ನೋಡಿ ಕಲಿಯಲಿ. ನಾಲಿಗೆ ನಮ್ಮ ಸೊತ್ತಲ್ಲ, ಅಲ್ಲಾಹನು ಒಪ್ಪಿಸಿದ ಅಮಾನತ್. ನಾಳೆ ಅದರ ಲೆಕ್ಕ ಕೊಡಬೇಕಾಗಿದೆ.

ನುಡಿದಂತೆ ನಡೆಯುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.