ಹೊರಡುವ ಮುನ್ನ ಕಲ್ಲು ಎತ್ತಿಡಿ

ಲಾರಿ ಓಡಿಸುವುದನ್ನು ಕಲಿಸಲು ಡ್ರೈವಿಂಗ್ ಶಾಲೆಯಿದೆ. ಕೆಟ್ಟು ನಿಂತ ಲಾರಿಯ ಪಕ್ಕ ಹೇಗೆ ನಿಲ್ಲಬೇಕೆಂಬುದನ್ನು ಹೆದ್ದಾರಿಯೇ ಕಲಿಸಬೇಕು, ಅದೂ ಹೆಚ್ಚಾಗಿ ನಡುರಾತ್ರಿಯಲ್ಲಿ. ಹಿಂದೆ ಈ ಪಾಠ ಕ್ಲೀನರ್ ಆಗಿದ್ದಾಗಲೇ ಮುಗಿದಿರುತ್ತಿತ್ತು. ಹುಡುಗ ವರ್ಷಗಟ್ಟಲೆ ಗಾಡಿ ತೊಳೆದು, ಟೈರ್ ಬಿಚ್ಚಿ, ಗ್ರೀಸ್ ಹಚ್ಚಿ, ಚಕ್ರಕ್ಕೆ ಕಲ್ಲು ಕೊಟ್ಟು, ಡ್ರೈವರ್ ಅಣ್ಣನ ಬೈಗುಳ ತಿಂದು, ಆಮೇಲೆ ಸ್ಟೇರಿಂಗ್ ಹಿಡಿಯುತ್ತಿದ್ದ. ಈಗ ಬಹಳಷ್ಟು ಲಾರಿಗಳಲ್ಲಿ ಕ್ಲೀನರ್ ಇಲ್ಲ. ನ್ಯಾಷನಲ್ ಪರ್ಮಿಟ್ ಗಾಡಿಗೆ ಇಬ್ಬರು ಚಾಲಕರಿರಬೇಕೆಂಬ ನಿಯಮವೂ 2018ರಲ್ಲಿ ಹೋಯಿತು. ಹೀಗಾಗಿ ಹೊಸ ಚಾಲಕನಿಗೆ ಗಾಡಿ ಮೊದಲ ಸಲ ಕೈಕೊಟ್ಟಾಗ ಪಕ್ಕದಲ್ಲಿ ಹೇಳಿಕೊಡುವವರು ಯಾರೂ ಇರುವುದಿಲ್ಲ.

ಆ ಗಳಿಗೆಯಲ್ಲಿ ಅವನ ತಲೆಗೆ ಏನೇನು ನುಗ್ಗುತ್ತದೆಂದು ಊಹಿಸಿ. ಹಿಂದೆ ಕೋಲಾರದ ಟೊಮೆಟೊ ಲೋಡು ಇದೆ. ಹೊತ್ತು ಕಳೆದಷ್ಟೂ ಮೆತ್ತಗಾಗುತ್ತದೆ. ಮಾಲೀಕರ ಫೋನು ಬರುತ್ತದೆ. ತಡವಾದರೆ ಬಾಡಿಗೆಯಲ್ಲಿ ಹಿಡಿಯುತ್ತಾರೆ. ಗಾಬರಿಯಲ್ಲಿ ಕೈ ನೇರ ಎಂಜಿನ್ನಿಗೆ ಹೋಗುತ್ತದೆ. ಆದರೆ ಕೆಟ್ಟು ನಿಂತ ಚಾಲಕ ಮೊದಲು ನೋಡಬೇಕಾದದ್ದು ಹಿಂದಿನ ರಸ್ತೆಯನ್ನು. ಗಾಡಿ ಓಡುತ್ತಿರುವಾಗ ಅವನ ಹೊಣೆ ಮುಂದಕ್ಕೆ ಇರುತ್ತದೆ: ತಲುಪಬೇಕಾದ ಊರು, ಒಪ್ಪಿಸಬೇಕಾದ ಮಾಲು. ಗಾಡಿ ನಿಂತ ಕ್ಷಣಕ್ಕೆ ಆ ಹೊಣೆ ಹಿಂದಿನಿಂದ ಬರುತ್ತಿರುವ, ಅವನು ಹೆಸರು ಕೇಳದ, ಮುಖ ನೋಡದ ಜನರ ಕಡೆಗೆ ತಿರುಗುತ್ತದೆ.

ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುವ ವಾಹನ ಒಂದು ಸೆಕೆಂಡಿಗೆ 22 ಮೀಟರ್ ಸಾಗುತ್ತದೆ. ಐವತ್ತು ಮೀಟರ್ ದೂರದಲ್ಲಿ ಲಾರಿ ಕಣ್ಣಿಗೆ ಬಿದ್ದರೆ ಅದರ ಚಾಲಕನಿಗೆ ಸಿಗುವುದು ಎರಡು ಸೆಕೆಂಡಿಗಿಂತ ತುಸು ಹೆಚ್ಚು. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ದೇವರ ದರ್ಶನ ಮುಗಿಸಿ ಭದ್ರಾವತಿ ಕಡೆ ಮರಳುತ್ತಿದ್ದವರ ವಾಹನ ನಿಂತಿದ್ದ ಲಾರಿಗೆ ಹಿಂದಿನಿಂದ ಗುದ್ದಿ 13 ಮಂದಿ ಸತ್ತರು. ಅದಕ್ಕೆ ಹಿಂದಿನ ಅಕ್ಟೋಬರಿನಲ್ಲಿ ಚಿಕ್ಕಬಳ್ಳಾಪುರದ ಬಳಿ, ಮಂಜು ಕವಿದ ಬೆಳಗ್ಗೆ, ನಿಂತಿದ್ದ ಟ್ಯಾಂಕರಿಗೆ ಕಾರು ಗುದ್ದಿ ಹತ್ತಕ್ಕೂ ಹೆಚ್ಚು ಜನ ಹೋದರು. ತಪ್ಪು ಯಾರದೆಂದು ತೀರ್ಮಾನಿಸುವುದು ಈ ಬರಹದ ಕೆಲಸವಲ್ಲ. ನಿಂತ ಲಾರಿ ಓಡುವ ಲಾರಿಗಿಂತ ಸಾಧು ಎಂಬ ನಂಬಿಕೆ ಮಾತ್ರ ನಮ್ಮಿಂದ ತೊಲಗಬೇಕು.

ಕೆಡುವ ಮುಂಚೆ ಗಾಡಿ ಸಾಮಾನ್ಯವಾಗಿ ಸುಳಿವು ಕೊಡುತ್ತದೆ. ಏರ್ ಬ್ರೇಕಿನಲ್ಲಿ ಗಾಳಿ ಸೋರತೊಡಗಿದರೆ ಮೀಟರಿನ ಮುಳ್ಳು ಇಳಿಯುತ್ತದೆ, ಬಜರ್ ಕೂಗುತ್ತದೆ. ಗಾಳಿ ತೀರಾ ಇಳಿದರೆ ಹಿಂದಿನ ಚಕ್ರಗಳನ್ನು ಸ್ಪ್ರಿಂಗಿನ ಬಲವೇ ಕಚ್ಚಿ ಹಿಡಿಯುತ್ತದೆ. ಆಮೇಲೆ ಲಾರಿ ನಿಂತ ಜಾಗ ಬಿಟ್ಟು ಕದಲುವುದಿಲ್ಲ. ಮುಳ್ಳು ಇಳಿಯಲು ಶುರುವಾದದ್ದಕ್ಕೂ ಚಕ್ರ ಕಚ್ಚಿಕೊಳ್ಳುವುದಕ್ಕೂ ನಡುವೆ ಇರುವ ಸ್ವಲ್ಪ ಹೊತ್ತೇ ಚಾಲಕನ ಪರೀಕ್ಷೆ. ವಿವೇಕಿ ಆಗಲೇ ಅಗಲವಾದ ಜಾಗ ನೋಡಿ ಸೈಡಿಗೆ ಹಾಕುತ್ತಾನೆ. ‘ಇನ್ನೇನು ಊರು ಬಂತು’ ಎಂದುಕೊಂಡವನು ತಿರುವಿನಲ್ಲಿ ಸಿಕ್ಕಿಕೊಳ್ಳುತ್ತಾನೆ. ಆ ತಿರುವು ಶಿರಾಡಿ ಘಾಟಿಯದ್ದಾದರೆ, ಹಾಸನದಿಂದ ಮಂಗಳೂರಿನ ಆಸ್ಪತ್ರೆಗೆ ಹೊರಟ ರೋಗಿಯೂ ಅವನ ಹಿಂದೆ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಒಬ್ಬನ ದುಡುಕಿನ ಬೆಲೆಯನ್ನು ನೂರಾರು ಜನ ತೆರುತ್ತಾರೆ.

ನಿಂತ ಮೇಲೆ ಮಾಡಬೇಕಾದದ್ದು ಹೆಚ್ಚೇನಿಲ್ಲ, ಆದರೆ ಒಂದನ್ನೂ ಬಿಡುವಂತಿಲ್ಲ. ನಾಲ್ಕೂ ಇಂಡಿಕೇಟರ್ ಹಾಕಬೇಕು. ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಬೇಕು. ಕೆಂಪು ತ್ರಿಕೋನವನ್ನು ಲಾರಿಯ ಬುಡದಲ್ಲೇ ಇಡದೆ, ಹಿಂದಕ್ಕೆ ದೂರ ನಡೆದುಹೋಗಿ ಇಡಬೇಕು. ತಿರುವಿದ್ದರೆ ತಿರುವಿಗೂ ಮುಂಚೆ ಕಾಣುವಂತಿರಬೇಕು. ಕೆಸರು ಮೆತ್ತಿ ಮಂಕಾದ ಹಿಂಬದಿಯ ಹೊಳೆಯುವ ಪಟ್ಟಿಯನ್ನು ಬಟ್ಟೆಯಿಂದ ಒರೆಸಬೇಕು. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನ್ ಮಾಡಬೇಕು. ನೆರಳಿದೆಯೆಂದು ಲಾರಿಯ ಅಡಿಯಲ್ಲಿ ಮಲಗಲೇಬಾರದು. ಆಮೇಲೆ ರಿಪೇರಿ. ಅದರಲ್ಲೂ ತನ್ನ ಅಳವು ತಿಳಿದಿರಬೇಕು. ಡೀಸೆಲ್ ಲೈನಿನಲ್ಲಿ ಏರ್ ಹಿಡಿದಿದ್ದರೆ ಕೈಪಂಪು ಒತ್ತಿ, ಗುಳ್ಳೆ ಹೋಗುವವರೆಗೆ ಕಾದು ತಾನೇ ಬಿಡಿಸಿಕೊಳ್ಳಬಹುದು. 2020ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಸೆನ್ಸರ್ ಕೈಕೊಟ್ಟರೆ ಮಾತ್ರ ಸ್ಪ್ಯಾನರಿನಿಂದ ಆಗುವಂಥದ್ದು ಕಡಿಮೆ. ಕಂಪನಿಯ ಮೆಕ್ಯಾನಿಕ್ ಬರುವವರೆಗೆ ಕಾಯಬೇಕು. ಕಾಯುವುದೂ ಕೆಲಸವೇ. ಕೈಲಾಗದ್ದನ್ನು ಕೆದಕಿ ಇನ್ನಷ್ಟು ಕೆಡಿಸದೆ, ಎಚ್ಚರವಾಗಿ ಕಾವಲು ಕೂರುವುದಕ್ಕೆ ರಿಪೇರಿಗಿಂತ ಹೆಚ್ಚಿನ ಸಂಯಮ ಬೇಕು.

ಇಷ್ಟನ್ನೂ ಭಯವೊಂದೇ ಮಾಡಿಸಬಲ್ಲದು. ತನ್ನ ಗಾಡಿ, ತನ್ನ ಜೀವ ಉಳಿಯಲೆಂದು ಯಾರಾದರೂ ಇಷ್ಟು ಮಾಡಿಯಾರು. ಮನುಷ್ಯನ ನಿಜವಾದ ಗುಣ ತಿಳಿಯುವುದು ಇದಾದ ಮೇಲೆ.

ನಮ್ಮ ಹೆದ್ದಾರಿಗಳಲ್ಲಿ ಲಾರಿ ಕೆಟ್ಟರೆ ಅದರ ಹಿಂದೆ ದಪ್ಪ ಕಲ್ಲುಗಳನ್ನು ಸಾಲಾಗಿ ಇಡುವುದು, ಬೇಲಿಯಿಂದ ಹಸಿ ಕೊಂಬೆ ಮುರಿದು ತಂದು ಹಾಕುವುದು ಹಳೆಯ ರೂಢಿ. ತ್ರಿಕೋನ ಇಲ್ಲದ ಕಾಲದಲ್ಲಿ ಎಷ್ಟೋ ಜೀವಗಳನ್ನು ಈ ರೂಢಿ ಕಾದಿರಬೇಕು. ಆದರೆ ಗಾಡಿ ಸ್ಟಾರ್ಟ್ ಆಗುತ್ತದೆ. ಗಂಟೆಗಟ್ಟಲೆ ಬಿಸಿಲಲ್ಲಿ ಬೆಂದ ಚಾಲಕನಿಗೆ ಹೊರಟರೆ ಸಾಕಾಗಿರುತ್ತದೆ. ಕ್ಯಾಬಿನ್ ಹತ್ತುತ್ತಾನೆ, ಗೇರ್ ಹಾಕುತ್ತಾನೆ, ಹೋಗಿಬಿಡುತ್ತಾನೆ. ಕೊಂಬೆ ಒಣಗಿ, ಎಲೆ ಉದುರಿ ಹಾರಿಹೋಗುತ್ತದೆ. ಕಲ್ಲುಗಳು ಅಲ್ಲೇ ಉಳಿಯುತ್ತವೆ. ಹಗಲಲ್ಲಿ ಅವು ಕಂಡಾವು. ರಾತ್ರಿ ಪಾಳಿ ಮುಗಿಸಿ ಬೈಕಿನಲ್ಲಿ ಮನೆಗೆ ಹೋಗುವವನಿಗೆ, ಎದುರಿನ ಹೆಡ್‌ಲೈಟಿಗೆ ಕಣ್ಣು ಕುಕ್ಕಿರುವಾಗ, ಡಾಂಬರಿನ ಮೇಲಿನ ಕಪ್ಪು ಕಲ್ಲು ಕಾಣುವುದು ಮುಂಚಕ್ರ ಅದಕ್ಕೆ ಬಡಿದಾಗಲೇ. ಒಬ್ಬನನ್ನು ಕಾಪಾಡಿದ ಕಲ್ಲೇ ಇನ್ನೊಬ್ಬನಿಗೆ ಸಾವಾಗಬಹುದು. ನಡುವೆ ಬೇಕಿದ್ದದ್ದು ಎರಡು ನಿಮಿಷದ ಶ್ರಮ, ಅಷ್ಟೇ.

ಕಷ್ಟದಲ್ಲಿದ್ದಾಗ ಎಲ್ಲರೂ ಕಲ್ಲು ಇಡುತ್ತಾರೆ. ಕಷ್ಟ ತೀರಿದ ಮೇಲೆ ಎತ್ತಿಡುವವರು ಕಡಿಮೆ. ಇದು ಲಾರಿಯವರಿಗೆ ಮಾತ್ರ ಹೇಳುವ ಮಾತಲ್ಲ. ಮದುವೆ ಚಪ್ಪರಕ್ಕೆ ರಸ್ತೆಯಲ್ಲಿ ಗುಂಡಿ ತೋಡಿ ಮುಚ್ಚದೆ ಹೋಗುವವರು, ನಲ್ಲಿ ಪೈಪಿಗೆಂದು ಅಗೆದು ಮಣ್ಣನ್ನು ಹಾಗೇ ಬಿಡುವವರು, ಮಗುಚಿ ಬಿದ್ದ ಲಾರಿಯ ಟೊಮೆಟೊವನ್ನು ಚೀಲಕ್ಕೆ ತುಂಬಿಕೊಂಡು ಗಾಯಗೊಂಡ ಚಾಲಕನ ಕಡೆ ತಿರುಗಿಯೂ ನೋಡದವರು ನಮ್ಮ ನಡುವೆಯೇ ಇದ್ದಾರೆ. ತನ್ನ ಕೆಲಸ ಆದಮೇಲೆ ಉಳಿದವರ ಗತಿಯೇನೆಂದು ಕೇಳದ ಮನಸ್ಸು ಎಲ್ಲ ಕಡೆ ಒಂದೇ.

ಗಾಯಾಳುವಿಗೆ ನೆರವಾದವರನ್ನು ಪೊಲೀಸರು, ಕೋರ್ಟು ಕಾಡಬಾರದೆಂದು 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ರಕ್ಷಣೆಯನ್ನೇ ಸೇರಿಸಿದ್ದಾರೆ. ಆದ್ದರಿಂದ ದಾರಿಹೋಕರು ಹೆದರಬೇಕಿಲ್ಲ. ಲಾರಿ ಮಾಲೀಕರಿಗೂ ಒಂದು ಮಾತು: ಗಾಡಿ ಕೆಟ್ಟಿತೆಂದು ಹುಡುಗ ಫೋನ್ ಮಾಡಿದಾಗ ‘ಎಷ್ಟೊತ್ತಿಗೆ ಹೊರಡ್ತೀಯ’ ಎನ್ನುವ ಮೊದಲು ‘ಸೈಡಿಗೆ ಹಾಕಿದ್ದೀಯಾ, ಹಿಂದೆ ತ್ರಿಕೋನ ಇಟ್ಟಿದ್ದೀಯಾ’ ಎಂದು ಕೇಳಿ. ಅವನು ಏನನ್ನು ದೊಡ್ಡದೆಂದು ಎಣಿಸಬೇಕೆಂಬುದನ್ನು ನಿಮ್ಮ ಮೊದಲ ಪ್ರಶ್ನೆಯೇ ಕಲಿಸುತ್ತದೆ.

ಹೊಸದಾಗಿ ಸ್ಟೇರಿಂಗ್ ಹಿಡಿದ ತಮ್ಮಂದಿರೇ, ಗಾಡಿ ಕೆಡುವುದು ನಿಮ್ಮ ಕೈಯಲ್ಲಿಲ್ಲ. ನಿಮ್ಮಿಂದ ಇನ್ನೊಬ್ಬರಿಗೆ ಕೇಡಾಗದಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ. ಲೋಡು ತಡವಾಗಿ ತಲುಪಿದರೂ ತಲುಪುತ್ತದೆ. ಎಂಜಿನ್ ಸ್ಟಾರ್ಟ್ ಆದ ಸಂತೋಷದಲ್ಲೂ ಒಮ್ಮೆ ಕೆಳಗಿಳಿದು ಹಿಂದಕ್ಕೆ ನಡೆಯಿರಿ. ನೀವಿಟ್ಟ ಕಲ್ಲುಗಳನ್ನು ಒಂದೂ ಬಿಡದೆ ರಸ್ತೆಯಾಚೆ ಎತ್ತಿಟ್ಟು, ಆಮೇಲೆ ಹೊರಡಿ.