ದಾರವೂ ದೇಹವೇ?

2022-23ರ ವೆಕ್ಸ್ ರೋಬಾಟಿಕ್ಸ್ ಸ್ಪರ್ಧೆಯ ಆಟದ ಹೆಸರು ‘ಸ್ಪಿನ್ ಅಪ್’. ಹನ್ನೆರಡು ಅಡಿ ಉದ್ದಗಲದ ಅಂಕಣ, ನೆಲದ ತುಂಬ 36 ಫೋಮ್ ಟೈಲುಗಳು. ವಿದ್ಯಾರ್ಥಿಗಳು ಕಟ್ಟಿದ ಯಂತ್ರಗಳು ಹಳದಿ ಡಿಸ್ಕುಗಳನ್ನು ಎತ್ತರದ ಬುಟ್ಟಿಗೆ ಎಸೆಯಬೇಕು. ಬಿದ್ದ ಒಂದೊಂದಕ್ಕೂ 5 ಅಂಕ. ಪಂದ್ಯ ಎರಡು ನಿಮಿಷದ್ದು. ಕೊನೆಯ ಹತ್ತು ಸೆಕೆಂಡು ಉಳಿದಾಗ ಒಂದು ಕಟ್ಟು ಸಡಿಲವಾಗುತ್ತದೆ. ಅಲ್ಲಿಯವರೆಗೆ ಮೈ ಮುದುರಿಕೊಂಡಿದ್ದ ಯಂತ್ರ ಈಗ ಅಡ್ಡಕ್ಕೆ ಎಷ್ಟು ಬೇಕಾದರೂ ಹರಡಿಕೊಳ್ಳಬಹುದು. ಆಟ ನಿಂತಾಗ ಅದು ಮುಟ್ಟಿಕೊಂಡಿರುವ ಟೈಲುಗಳಿಗೆ ತಲಾ 3 ಅಂಕ.

ಮಕ್ಕಳು ಲೆಕ್ಕ ಹಾಕಿದರು. ಕಬ್ಬಿಣದ ಕೈ ಚಾಚಿದರೆ ಎಷ್ಟು ದೂರ ಹೋದೀತು? ಅದರ ಬದಲು ದಾರದ ತುದಿಗೆ ಒಂದು ತುಂಡು ಕಟ್ಟಿ, ರಬ್ಬರ್ ಬ್ಯಾಂಡ್ ಎಳೆದಿಟ್ಟು, ಸಮಯ ಬಂದಾಗ ಬಿಟ್ಟರಾಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ದಾರಗಳು ಅಂಕಣದ ಆಚೆ ಬದಿಗೆ ಹಾರಿ ಬೀಳುತ್ತಿದ್ದವು. ಹತ್ತು ಟೈಲು ಮುಟ್ಟಿದರೆ 30 ಅಂಕ, ಅಂದರೆ ಆರು ಡಿಸ್ಕಿನ ಬೆಲೆ.

ಇದು ಅಗ್ಗದ ಗೆಲುವು ಎಂದು ಗೊಣಗುವವರಿಗೆ ನನ್ನ ಉತ್ತರ ಚಿಕ್ಕದು. ಬೆಲೆ ಹೆಚ್ಚಾಯಿತು ಅನ್ನಿಸಿದರೆ ಮೂರನ್ನು ಒಂದು ಮಾಡಿ, ಜಗಳ ಅಲ್ಲಿಗೇ ಮುಗಿಯುತ್ತದೆ. 1978ರಲ್ಲಿ ಬಂದ ‘ದಿ ಗ್ರಾಸ್‌ಹಾಪರ್’ ಪುಸ್ತಕದಲ್ಲಿ ಬರ್ನಾರ್ಡ್ ಸೂಟ್ಸ್ ಆಟವನ್ನು ವಿವರಿಸಿದ್ದೇ ಹಾಗೆ: ಬೇಕಿಲ್ಲದ ಅಡ್ಡಿಗಳನ್ನು ನಾವಾಗಿಯೇ ಒಪ್ಪಿಕೊಂಡು ಅವನ್ನು ದಾಟಲು ಹೆಣಗುವುದು. ಅಡ್ಡಿ ಎಷ್ಟಿರಬೇಕೆಂಬುದು ಆಟ ಕಟ್ಟಿದವರ ತೀರ್ಮಾನ. ನನ್ನನ್ನು ಕಾಡುವುದು ಬೇರೆ ಪ್ರಶ್ನೆ. ನೆಲ ಮುಟ್ಟಿದ್ದು ದಾರ. ಅಂಕ ಹೋದದ್ದು ಯಂತ್ರಕ್ಕೆ. ದಾರ ಯಂತ್ರದ ಮೈಯೆಂದು ಒಪ್ಪಿದ್ದು ಯಾವ ಆಧಾರದ ಮೇಲೆ?

ಅಂಟಿಕೊಂಡಿದೆಯಲ್ಲ, ಅದೇ ಆಧಾರ ಎನ್ನಬಹುದು. ಕ್ರಿಕೆಟ್ಟಿನ ರೂಢಿ ಇದಕ್ಕೆ ಹತ್ತಿರದ್ದು. ಬ್ಯಾಟು ಹಿಡಿದ ಕೈಗೆ ಚೆಂಡು ತಗುಲಿದರೆ ಬ್ಯಾಟಿಗೆ ತಗುಲಿದಂತೆ. ಬ್ಯಾಟು ಬಿಟ್ಟ ಕೈಗೆ ತಗುಲಿದರೆ ಹಾಗಲ್ಲ. ಓಡುವಾಗ ಕೈಯಲ್ಲಿರುವ ಬ್ಯಾಟು ಗೆರೆಯಾಚೆಗೆ ಊರಿದರೆ ಆಟಗಾರ ಮುಟ್ಟಿದ ಹಾಗೆ. ಕೈಜಾರಿ ಮುಂದೆ ಬಿದ್ದ ಬ್ಯಾಟು ಅವನನ್ನು ಉಳಿಸುವುದಿಲ್ಲ. ಅಂಪೈರಿಗೆ ಇದು ಸಾಕು. ಆದರೆ ಅಂಟಿಕೊಂಡದ್ದೆಲ್ಲ ಮೈ ಎಂದರೆ ಚಪ್ಪಲಿಗೆ ಮೆತ್ತಿದ ಕೆಸರೂ ಮೈಯಾಗುತ್ತದೆ.

ಫ್ರೆಂಚ್ ದಾರ್ಶನಿಕ ಮೆರ್ಲೋ-ಪೋಂಟಿ ಇನ್ನೊಂದು ಅಳತೆ ಕೊಡುತ್ತಾನೆ. ಕುರುಡನ ಕೋಲು ರೂಢಿಯಾದ ಮೇಲೆ ಅವನಿಗೆ ಕೋಲಾಗಿ ಉಳಿಯುವುದಿಲ್ಲ, ಅದರ ತುದಿಯಲ್ಲೇ ಅವನ ಸ್ಪರ್ಶವಿರುತ್ತದೆ ಎಂಬುದು ಅವನ 1945ರ ಗ್ರಂಥದ ಪ್ರಸಿದ್ಧ ಮಾತು. ಸ್ಪಿನ್ ಅಪ್‌ನ ದಾರ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಅದು ಯಂತ್ರಕ್ಕೆ ಯಾವ ಸುದ್ದಿಯನ್ನೂ ತರುವುದಿಲ್ಲ. ಎಲ್ಲಿ ಬಿತ್ತೆಂಬುದು ಮೋಟರಿಗೂ ಗೊತ್ತಿಲ್ಲ, ಸೆನ್ಸರಿಗೂ ಗೊತ್ತಿಲ್ಲ. ಹಾಗಾದರೆ ಮೈಯಲ್ಲ ಎಂದುಬಿಡೋಣವೇ? ನಮ್ಮ ಕೂದಲೂ ಉಗುರಿನ ತುದಿಯೂ ಏನನ್ನೂ ಅರಿಯವು. ಆದರೂ ನನ್ನ ಜುಟ್ಟು ಹಿಡಿದವನು ನನ್ನನ್ನೇ ಹಿಡಿದಿದ್ದಾನೆ.

ಜುಟ್ಟಿನಲ್ಲೇ ಬಹುಶಃ ಉತ್ತರವೂ ಇದೆ. ನನಗೆ ಏನನ್ನು ದಕ್ಕಿಸಿಕೊಡುತ್ತದೆ ಎನ್ನುವುದಕ್ಕಿಂತ ನನ್ನನ್ನು ಎಲ್ಲಿ ಹಿಡಿದು ನಿಲ್ಲಿಸುತ್ತದೆ ಎನ್ನುವುದರಿಂದ ಒಂದು ವಸ್ತು ನನ್ನ ಮೈಯಾಗುತ್ತದೆ. ಇಂಥ ಸ್ಪರ್ಧೆಗಳಲ್ಲಿ ಯಂತ್ರ ತನ್ನ ಭಾಗವನ್ನು ಬೇಕೆಂದೇ ಕಳಚಿ ಅಂಕಣದಲ್ಲಿ ಬಿಟ್ಟುಹೋಗುವುದು ನಿಷಿದ್ಧ. ಕಳಚಿ ಬಿದ್ದದ್ದು ಎದುರಾಳಿಗೆ ತೊಡಕು, ಎಸೆದವನಿಗೆ ನಷ್ಟವಿಲ್ಲ. ದಾರ ಕಟ್ಟಿದೊಡನೆ ಲೆಕ್ಕ ಬದಲಾಗುತ್ತದೆ. ಅದರ ಮೇಲೆ ಯಾರದಾದರೂ ಚಕ್ರ ಸುತ್ತಿಕೊಂಡರೆ ಸೆಳೆತ ಎಸೆದವನ ಬುಡಕ್ಕೇ ಬರುತ್ತದೆ.

ಈ ಅಳತೆಗೋಲು ಹಿಡಿದು ಇನ್ನೊಂದು ಆಟಕ್ಕೆ ಹೋಗೋಣ. ಡೀನ್ ಕೇಮನ್ 1989ರಲ್ಲಿ ಹುಟ್ಟುಹಾಕಿದ ಫಸ್ಟ್ ಸಂಸ್ಥೆ 2015ರಲ್ಲಿ ನಡೆಸಿದ್ದು ‘ರಿಸೈಕಲ್ ರಶ್’. ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಕಸದ ಡಬ್ಬಿ ಕೂರಿಸುವ ಆಟ. ಎರಡು ಬಣದವರೂ ತಂತಮ್ಮ ಬದಿಯಲ್ಲೇ ಆಡುತ್ತಿದ್ದರು. ಪೆಟ್ಟಿಗೆಗಳು ಅಂಕಣದ ಅಂಚಿನ ಕಿಂಡಿಯಿಂದ ಒಳಬರುತ್ತಿದ್ದವು; ಅವು ಬಿದ್ದು ಅಡ್ಡಾದಿಡ್ಡಿಯಾಗದಂತೆ ಅಲ್ಲೊಂದು ಇಳಿಜಾರು ಇದ್ದರೆ ಅರ್ಧ ಕೆಲಸ ಮುಗಿದಂತೆ. ಇಳಿಜಾರನ್ನು ಅಲ್ಲೇ ನೆಟ್ಟು ಯಂತ್ರ ಓಡಾಡಿಕೊಂಡಿರಬೇಕು, ಆದರೆ ಎರಡೂ ಸೇರಿ ಒಂದೇ ಯಂತ್ರ ಎನಿಸಿಕೊಳ್ಳಬೇಕು. ಕೆಲವು ತಂಡಗಳು ಎರಡರ ನಡುವೆ ಉದ್ದದ ಹಗ್ಗವನ್ನೋ ಕೇಬಲ್ಲನ್ನೋ ಕಟ್ಟಿಬಿಟ್ಟವು. ಟೆಕ್ಸಾಸಿನ ಗ್ರೀನ್‌ವಿಲ್‌ನ 148ನೇ ತಂಡವಂತೂ ತನ್ನ ಜೋಡಿಗೆ ಬ್ಯಾಟ್‌ಮನ್, ರಾಬಿನ್ ಎಂದು ಹೆಸರಿಟ್ಟಿತು. ಎರಡು ಹೆಸರಿಟ್ಟು ಒಂದೇ ಮೈ ಎಂದು ವಾದಿಸುವ ಧೈರ್ಯ ನನಗೆ ಬಹಳ ಹಿಡಿಸಿತು.

ಮೇಲ್ನೋಟಕ್ಕೆ ಇದು ವಕೀಲರ ಜಾಣತನ. ಸ್ಪಿನ್ ಅಪ್‌ನ ದಾರ ತಾನೇ ನೆಲ ಮುಟ್ಟಿ ದುಡಿಯುತ್ತದೆ. ಈ ಹಗ್ಗ ನಿಯಮದ ಬಾಯಿ ಮುಚ್ಚಿಸಲು ಸುಮ್ಮನೆ ಬಿದ್ದುಕೊಂಡಿದೆ. ಮೊದಲನೆಯದು ಸಾಚಾ, ಎರಡನೆಯದು ನೆಪ ಎನ್ನಿಸುವುದು ಸಹಜ. ಆದರೆ ಯಾವುದು ಯಾರನ್ನು ಹಿಡಿದಿಡುತ್ತದೆ ನೋಡಿ. ರಿಸೈಕಲ್ ರಶ್‌ನ ಯಂತ್ರ ಪಂದ್ಯದುದ್ದಕ್ಕೂ ಹಗ್ಗದ ಅಳತೆಯೊಳಗೇ ಬಾಳಬೇಕು. ತಿರುಗುವಾಗ ಅದು ಚಕ್ರಕ್ಕೆ ಸಿಕ್ಕದಂತೆ, ಪೇರಿಸಿದ ಪೆಟ್ಟಿಗೆಗಳನ್ನು ಸವರಿ ಬೀಳಿಸದಂತೆ ಎಚ್ಚರ ಬೇಕು. ದೂರದ ಮೂಲೆಯ ಆಸೆಯನ್ನೇ ಬಿಡಬೇಕಾಗಬಹುದು. ದುಡಿಯದ ಹಗ್ಗ ಕ್ಷಣಕ್ಷಣವೂ ತೆರಿಗೆ ಕೇಳುತ್ತದೆ. ಸ್ಪಿನ್ ಅಪ್‌ನ ದಾರವಾದರೋ ಯಂತ್ರಕ್ಕೆ ಎಲ್ಲೂ ಹೋಗಬೇಕಿಲ್ಲದ ಹೊತ್ತಿನಲ್ಲಿ ಹಾರುತ್ತದೆ. ಕಟ್ಟಿಹಾಕುವ ಮೊದಲೇ ಆಟ ಮುಗಿದಿರುತ್ತದೆ. ಚಕ್ರಕ್ಕೆ ಸುತ್ತಿಕೊಂಡ ದಾರದ ಸೆಳೆತ ನಿಜ, ಅದು ತಟ್ಟಲು ಉಳಿದಿರುವ ಕಾಲವಷ್ಟೇ ಇಲ್ಲ. ಆದ್ದರಿಂದ ನೆಪದಂತೆ ಕಾಣುವ ಹಗ್ಗವೇ ನನ್ನ ಮಟ್ಟಿಗೆ ಹೆಚ್ಚು ಮೈ; ದುಡಿಯುವ ದಾರ ಕಡಿಮೆ.

ಹಾಗೆಂದರೆ ಸಂಕೋಲೆಯೂ ಕೈದಿಯ ಮೈಯೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಸಂಕೋಲೆಯನ್ನು ತೊಡಿಸಿದವನು ಬೇರೆ, ಅದರ ಲಾಭವೂ ಬೇರೆಯವನದು. ಹಗ್ಗವನ್ನು ಕಟ್ಟಿಕೊಂಡದ್ದು ತಂಡವೇ, ಇಳಿಜಾರಿನ ಲಾಭ ಉಂಡದ್ದೂ ಅದೇ. ಲಾಭ ಮತ್ತು ತೊಡಕು ಒಂದೇ ಖಾತೆಗೆ ಬೀಳಬೇಕು. ಇಲ್ಲಿ ನೆನಪಾಗುವ ಮುಂಡಕೋಪನಿಷತ್ತಿನ ಜೇಡ ನೂಲನ್ನು ಹೊರಬಿಡುವುದೂ ಉಂಟು, ಮತ್ತೆ ಒಳಗೆ ಸೆಳೆದುಕೊಳ್ಳುವುದೂ ಉಂಟು. ಅಲ್ಲಿ ಆ ಉಪಮೆಯ ಗುರಿ ಅಕ್ಷರದಿಂದ, ಅಂದರೆ ಅಳಿವಿಲ್ಲದ ತತ್ತ್ವದಿಂದ, ವಿಶ್ವ ಹುಟ್ಟುವ ಬಗೆಯನ್ನು ಹೇಳುವುದು. ಯಂತ್ರಗಳ ವಿಷಯಕ್ಕೆ ಅದನ್ನು ಎಳೆತಂದದ್ದಕ್ಕೆ ಶಾಸ್ತ್ರಿಗಳು ಕ್ಷಮಿಸಲಿ.

ಸ್ಪಿನ್ ಅಪ್‌ನ ಮರುವರ್ಷದ ‘ಓವರ್ ಅಂಡರ್’ ಆಟದಲ್ಲಿ ವೆಕ್ಸ್ ಅಡ್ಡಳತೆಗೆ 36 ಇಂಚಿನ ಮಿತಿ ಹಾಕಿತು. ದಾರದ ಕಾಲ ಒಂದೇ ಹಂಗಾಮಿಗೆ ಮುಗಿಯಿತು. ಪ್ರತಿವರ್ಷ ಆಟ ಹೊಸದಾಗುವ ಕಾರಣ ಅದರಲ್ಲಿ ಅಚ್ಚರಿಯೇನಿಲ್ಲ. ನಾನಾಗಿದ್ದರೆ ಇಂಚಿನ ಗೊಡವೆಗೆ ಹೋಗದೆ ಗಡಿಯಾರ ಬದಲಿಸುತ್ತಿದ್ದೆ: ಹರಡಿಕೊಳ್ಳುವ ಅವಕಾಶವನ್ನು ಮೊದಲ ನಿಮಿಷದಿಂದಲೇ ಕೊಟ್ಟು, ದಾರ ಬಿಟ್ಟವರು ಅದನ್ನು ಕಟ್ಟಿಕೊಂಡೇ ಉಳಿದ ಡಿಸ್ಕುಗಳನ್ನು ಹೆಕ್ಕಲಿ ಎನ್ನುತ್ತಿದ್ದೆ.