ಗೈಡ್ ಮತ್ತು ಸಹಿ

"ಹಿಂದೆ ಗುರು, ಮುಂದೆ ಗುರಿ" ಅಂತ ನಮ್ಮಲ್ಲಿ ಹೇಳ್ತಾರೆ. ಪಿಎಚ್‌ಡಿ ಮಾಡುವವರ ವಿಷಯದಲ್ಲಿ ಈ ಮಾತು ಅರ್ಧ ಮಾತ್ರ ನಿಜ. ಅಲ್ಲಿ ಗುರು ಹಿಂದೆಯೂ ಇರ್ತಾರೆ, ಮುಂದೆ ಗುರಿಯ ಬಾಗಿಲಲ್ಲಿ ಬೀಗದ ಕೈ ಹಿಡಿದು ನಿಂತವರೂ ಅವರೇ.

ಉತ್ಪ್ರೇಕ್ಷೆ ಅಲ್ಲ. ಸರ್ಕಾರದ ಜೂನಿಯರ್ ರಿಸರ್ಚ್ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಆ ಹಣ ಬರಬೇಕಾದರೆ ಗೈಡ್ ಸಹಿ ಬೇಕು. ರಜೆಗೆ ಸಹಿ ಬೇಕು, ಪ್ರಗತಿ ವರದಿಗೆ ಬೇಕು, ಪ್ರಬಂಧ ಸಲ್ಲಿಸೋದಕ್ಕೆ ಬೇಕು. ಎಲ್ಲ ಮುಗಿದು ಕೆಲಸ ಹುಡುಕುವಾಗ ಶಿಫಾರಸು ಪತ್ರವೂ ಅವರಿಂದಲೇ ಬರಬೇಕು. ಇಪ್ಪತ್ತೈದು ವರ್ಷದ ಒಬ್ಬ ಮನುಷ್ಯನ ಐದಾರು ವರ್ಷ ಇನ್ನೊಬ್ಬರ ಪೆನ್ನಿನ ತುದಿಯಲ್ಲಿ ಕೂತಿರುತ್ತೆ.

ನಾನೂ ಆ ಪೆನ್ನು ಹಿಡಿದವಳೇ. ವಿಶ್ವವಿದ್ಯಾಲಯವೊಂದರಲ್ಲಿ ರಸಾಯನಶಾಸ್ತ್ರ ಕಲಿಸ್ತೀನಿ, ನನ್ನ ಹತ್ತಿರವೂ ಸಂಶೋಧನಾ ವಿದ್ಯಾರ್ಥಿಗಳಿದ್ದಾರೆ. ಈಚೆಗೆ ಎಲ್ಲ ಕಡೆ ಶುರುವಾಗಿರುವ 'ಮೆಂಟರಿಂಗ್' ಕಾರ್ಯಕ್ರಮಗಳಿಗೂ ಹೋಗ್ತೀನಿ. ಅಂದರೆ ನನ್ನ ವಿದ್ಯಾರ್ಥಿಗಳಲ್ಲದವರ ಜೊತೆ ಕೂತು, ಅವರ ಸಂಶೋಧನೆ ಬದುಕುಗಳ ಬಗ್ಗೆ ಮಾತಾಡೋದು. ಇಂಥವು ಹೊಸತೇನಲ್ಲ. ಜೀವವಿಜ್ಞಾನದಲ್ಲಿ ಹೊಸದಾಗಿ ಲ್ಯಾಬ್ ಕಟ್ಟುತ್ತಿರುವ ಕಿರಿಯರನ್ನು ಹಿರಿಯರ ಜೊತೆ ಕೂರಿಸುವ 'ಯಂಗ್ ಇನ್ವೆಸ್ಟಿಗೇಟರ್ಸ್ ಮೀಟಿಂಗ್' ನಮ್ಮ ದೇಶದಲ್ಲಿ 2009ರಲ್ಲೇ ಆರಂಭವಾಯಿತು. ಅದೇ ವರ್ಷದಿಂದ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್ ಒಂದು ನಿಯಮ ಜಾರಿ ಮಾಡಿತು: ಪೋಸ್ಟ್‌ಡಾಕ್ ಇಟ್ಟುಕೊಳ್ಳೋದಕ್ಕೆ ಹಣ ಕೇಳುವ ವಿಜ್ಞಾನಿ, ಆ ಕಿರಿಯರನ್ನು ಹೇಗೆ ಬೆಳೆಸ್ತೀನಿ ಅಂತ ಒಂದು ಪುಟದ ಯೋಜನೆ ಬರೆದುಕೊಡಬೇಕು. ಆ ಪುಟ ಇಲ್ಲದಿದ್ದರೆ ಅರ್ಜಿಯನ್ನು ಪರಿಶೀಲಿಸದೇ ವಾಪಸ್ ಕಳಿಸ್ತಾರೆ.

ಇದನ್ನು ಹೇಳಿದಾಗ ನಮ್ಮ ವಿಭಾಗದ ಹಿರಿಯರೊಬ್ಬರು ನಕ್ಕರು. "ನಮ್ಮನ್ನ ಯಾರಮ್ಮ ಮೆಂಟರ್ ಮಾಡಿದ್ರು? ಬೈಸಿಕೊಂಡ್ವಿ, ಕಲಿತ್ವಿ. ನಾವು ಮುಂದೆ ಬರಲಿಲ್ವಾ?" ಅವರು ಕೆಟ್ಟವರಲ್ಲ. ತಮ್ಮ ವಿದ್ಯಾರ್ಥಿಗಳಿಗೆ ಕೈಯಿಂದ ದುಡ್ಡು ಕೊಟ್ಟವರು. ಅವರ ಪ್ರಕಾರ ಗೈಡ್ ತೋರಿಸುವ ಅಕ್ಕರೆ ಅವರವರ ದೊಡ್ಡತನ. ಇದ್ದರೆ ಒಳ್ಳೇದು, ಇಲ್ಲದಿದ್ದರೆ ಕೇಳುವ ಹಾಗಿಲ್ಲ.

ನನ್ನ ಪ್ರಶ್ನೆ ಇಲ್ಲೇ ಇರೋದು. ಇದು ದೊಡ್ಡತನವೋ, ಕರ್ತವ್ಯವೋ?

"ನಾವು ಮುಂದೆ ಬರಲಿಲ್ವಾ" ಅನ್ನುವ ವಾದದಲ್ಲಿ ಒಂದು ತೊಡಕಿದೆ. ಅದನ್ನು ಹೇಳುವವರೆಲ್ಲ ಮುಂದೆ ಬಂದವರೇ. 1933ರಲ್ಲಿ ಕಮಲಾ ಭಾಗವತ್ (ಮುಂದೆ ಸೋಹೋನಿ) ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣುಮಗಳು ಅನ್ನುವ ಕಾರಣಕ್ಕೆ ನಿರ್ದೇಶಕ ಸಿ. ವಿ. ರಾಮನ್ ಬೇಡ ಅಂದರು. ಆಕೆ ಬಿಡಲಿಲ್ಲ. ಕೊನೆಗೆ ಒಂದು ವರ್ಷ ಪರೀಕ್ಷಾರ್ಥವಾಗಿ ಸೇರಿಸಿಕೊಂಡರು. ಒಳಗೆ ಶ್ರೀನಿವಾಸಯ್ಯ ಅನ್ನುವ ಮೇಷ್ಟ್ರು ಕಟ್ಟುನಿಟ್ಟಾಗಿ, ಆದರೆ ಮನಸ್ಸಿಟ್ಟು ಕಲಿಸಿದರು. 1939ರಲ್ಲಿ ಆಕೆ ಕೇಂಬ್ರಿಡ್ಜ್‌ನಿಂದ ಪಿಎಚ್‌ಡಿ ಪಡೆದರು. ಈ ಕಥೆಯನ್ನು ನಾವು ಛಲದ ಕಥೆಯಾಗಿ ಹೇಳ್ತೀವಿ, ಛಲವೂ ನಿಜವೇ. ಆದರೆ ಬೇಡ ಅನ್ನಿಸಿಕೊಂಡು ಸುಮ್ಮನೆ ರೈಲು ಹತ್ತಿ ಊರಿಗೆ ಹೋದವರ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲ. ಗೆದ್ದವರನ್ನು ಮಾತ್ರ ನೋಡಿ ದಾರಿ ಸರಿಯಿದೆ ಅನ್ನೋದು, ಹೊಳೆ ದಾಟಿದವರನ್ನು ಮಾತ್ರ ಕೇಳಿ ಹೊಳೆ ಆಳ ಇಲ್ಲ ಅಂದಹಾಗೆ.

ಇಷ್ಟು ಹೇಳಿದರೂ ಅದು ಕರುಣೆಯ ವಾದವೇ ಆಯ್ತು. ಕರ್ತವ್ಯ ಅಂತ ನನಗೆ ಅನ್ನಿಸಿದ್ದು ಬೇರೆ ಕಾರಣಕ್ಕೆ, ಒಬ್ಬ ಹುಡುಗಿ ಕೇಳಿದ ಪ್ರಶ್ನೆಯಿಂದ.

ಒಂದು ಕಾರ್ಯಕ್ರಮದಲ್ಲಿ ಊಟದ ವಿರಾಮಕ್ಕೆ ಹತ್ತಿರ ಬಂದಳು. ಬೇರೆ ಊರಿನ ಲ್ಯಾಬು, ನಾಲ್ಕನೇ ವರ್ಷ. ಕೂರುವ ಮೊದಲೇ ಕೇಳಿದಳು: "ಇದು ನಮ್ಮ ಸರ್‌ಗೆ ಗೊತ್ತಾಗಂಗಿಲ್ಲ, ಹೌದಲ್ರಿ ಮೇಡಂ?" ಮನೆಯ ಕಷ್ಟವೋ, ಯಾರಾದರೂ ಕಿರುಕುಳ ಕೊಟ್ಟರೋ ಅಂತ ನನ್ನ ಎದೆ ಧಸಕ್ಕೆಂದಿತು. ಅದ್ಯಾವುದೂ ಅಲ್ಲ. ಆಕೆಯದು ನೀರಿನಲ್ಲಿರುವ ಬಣ್ಣವನ್ನು ಬೆಳಕಿನ ಸಹಾಯದಿಂದ ಒಡೆಯುವ ಕೆಲಸ. ಜಿಂಕ್ ಆಕ್ಸೈಡ್‌ಗೆ ಇನ್ನೊಂದು ಲೋಹ ಬೆರೆಸಿ ತಯಾರಿಸಿದ ಪುಡಿ, ಮಾಮೂಲಿ ಪುಡಿಗಿಂತ ಬೇಗ ಬಣ್ಣ ಕಳೀಬೇಕು. ಕಳೀತಿಲ್ಲ. "ಮೂರು ಸಲ ಮಾಡೀನ್ರಿ. ಮೂರೂ ಸಲ ಫರಕ್ ಏನೂ ಬರಲಿಲ್ಲ. ಸರ್ ಪೇಪರ್ ಬರಿ ಅಂತಾರ. ಹೆಂಗ ಹೇಳೋದು ಗೊತ್ತಾಗವಲ್ದು."

ಅಂದರೆ ಆಕೆ ಗುಟ್ಟಾಗಿ ಹೇಳಿದ್ದು ಒಂದು ಪ್ರಯೋಗದ ಫಲಿತಾಂಶವನ್ನು. ವಿಜ್ಞಾನದಲ್ಲಿ ಗಟ್ಟಿಯಾಗಿ ಹೇಳಬೇಕಾದ ಮಾತೇ ಅದು. ಅದನ್ನು ಹೇಳೋದಕ್ಕೆ ಪರಊರಿನ, ಪರಿಚಯವಿಲ್ಲದ ಒಬ್ಬ ಹೆಂಗಸನ್ನು ಹುಡುಕಿಕೊಂಡು ಬಂದಿದ್ದಳು.

ಲ್ಯಾಬ್ ನೋಟ್‌ಬುಕ್ ತಗೊಂಡು ಹೋಗು, ಮೂರು ಸಲದ ಅಂಕಿಗಳನ್ನೂ ತಾರೀಖು ಸಮೇತ ತೋರಿಸು, "ತಪ್ಪಾಗಿದೆ" ಅನ್ನಬೇಡ, "ಹೀಗೆ ಬರ್ತಿದೆ, ಯಾಕೆ ಅಂತ ಗೊತ್ತಾಗ್ತಿಲ್ಲ" ಅನ್ನು, ಸಾಧ್ಯವಾದರೆ ನಾಲ್ಕನೇ ಸಲ ಬೇರೆಯವರ ಕೈಲಿ ಮಾಡಿಸು ಅಂದೆ. ಎರಡು ತಿಂಗಳ ಮೇಲೆ ಮೆಸೇಜ್ ಬಂತು. ಸರ್ ಪೂರ್ತಿ ಕೇಳಿಸಿಕೊಂಡರಂತೆ, ಬೈಯಲಿಲ್ಲವಂತೆ, ಪೇಪರ್ ಸದ್ಯಕ್ಕೆ ನಿಲ್ಲಿಸಿ ಹೊಸದಾಗಿ ಪುಡಿ ಮಾಡೋಣ ಅಂದರಂತೆ.

ಆ ಸರ್ ರಾಕ್ಷಸರಾಗಿರಲಿಲ್ಲ ಅನ್ನೋದನ್ನ ಗಮನಿಸಿ. ಆಕೆ ಹೆದರಿದ್ದು ಆ ಮನುಷ್ಯನಿಗಲ್ಲ, ಅವರು ಕೂತ ಕುರ್ಚಿಗೆ. ಗೈಡ್ ಎಷ್ಟೇ ಸಾಧು ಆದರೂ ಸಹಿ ಮಾಡುವ ಕೈ ಮುಂದೆ ಮಾತು ತೊದಲುತ್ತೆ. ತೊದಲಿದ ಕಡೆ ಸುಳ್ಳು ನುಸುಳೋದಕ್ಕೆ ಜಾಗ ಆಗುತ್ತೆ. ನಾನು ಈಗ ಬ್ಯೂರೆಟ್ ಹಿಡಿಯೋದು ಅಪರೂಪ. ನನ್ನ ಹೆಸರಲ್ಲಿ ಬರುವ ಅಂಕಿಗಳನ್ನೆಲ್ಲ ನೋಡಿರೋದು ನನ್ನ ವಿದ್ಯಾರ್ಥಿಗಳ ಕಣ್ಣು. ಆ ಕಣ್ಣು ಕಂಡದ್ದನ್ನು ಬಾಯಿ ಹೇಳೋ ಹಾಗಿಲ್ಲ ಅಂದರೆ ನನಗೆ ಏನೂ ಗೊತ್ತಿಲ್ಲ ಅಂತಲೇ ಅರ್ಥ. ನಾವು ಗುರುವಿನ ಋಣದ ಬಗ್ಗೆ ಬಹಳ ಮಾತಾಡ್ತೀವಿ. ಲ್ಯಾಬಿನಲ್ಲಿ ಋಣ ಎರಡೂ ಕಡೆಯಿದೆ. ವಿದ್ಯಾರ್ಥಿಗೆ ನಿರ್ಭಯವಾಗಿ ಮಾತಾಡುವ ಜಾಗ ಕೊಡೋದು ಗೈಡ್ ಮಾಡುವ ಉಪಕಾರ ಅಲ್ಲ, ಆ ಋಣದ ಕಂತು. ಅದಕ್ಕೇ ಕರ್ತವ್ಯ ಅಂದೆ.

ಒಳ್ಳೆಯ ಗೈಡ್ ಇದ್ದರೆ ಸಾಕಲ್ಲ ಅಂತ ಕೇಳಬಹುದು. ಅನ್ನಾ ಮಣಿಯವರನ್ನು ನೋಡಿ. 1940ರಲ್ಲಿ ಬೆಂಗಳೂರಿಗೆ ಬಂದು ರಾಮನ್ ಅವರ ಲ್ಯಾಬಿನಲ್ಲಿ ವಜ್ರ, ಮಾಣಿಕ್ಯಗಳು ಬೆಳಕು ಸೂಸುವ ಬಗ್ಗೆ ಸಂಶೋಧನೆ ಮಾಡಿದರು. ಪ್ರಪಂಚವೇ ಬಲ್ಲ ಗುರು, ಸ್ವಂತ ಹೆಸರಲ್ಲಿ ಐದು ಪೇಪರು. 1945ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದರೆ, ಎಂ.ಎಸ್ಸಿ. ಪದವಿ ಇಲ್ಲ ಅಂತ ಪಿಎಚ್‌ಡಿ ಕೊಡಲಿಲ್ಲ. ಆಕೆ ಹವಾಮಾನ ಉಪಕರಣಗಳ ಕಡೆ ಹೊರಳಿ ಅಲ್ಲಿ ದೊಡ್ಡ ಹೆಸರು ಮಾಡಿದರು, ಅದು ಬೇರೆ ಮಾತು. ಆ ನಿಯಮದ ಬಗ್ಗೆ ಮೊದಲೇ ಕೂತು ಯೋಚಿಸೋದು ಯಾರ ಕೆಲಸ ಆಗಿತ್ತು? ಗೈಡ್‌ಗೆ ಸಂಶೋಧನೆ ಮುಖ್ಯ, ಕಚೇರಿಗೆ ಕಾಗದ ಮುಖ್ಯ. ನಡುವೆ ಆ ಹುಡುಗಿಯ ಬದುಕು ಮುಖ್ಯ ಅನ್ನುವ ಮೂರನೆಯವರೊಬ್ಬರು ಬೇಕು. ಮೆಂಟರ್ ಅಂದರೆ ನನ್ನ ಪ್ರಕಾರ ಇಷ್ಟೇ: ವಿಷಯ ಗೊತ್ತಿರುವ, ಸಹಿ ಮಾಡುವ ಅಧಿಕಾರ ಇಲ್ಲದ ಮನುಷ್ಯ.

ಈ ಅಳತೆಯಿಂದ ನೋಡಿದರೆ ಈಗ ನಡೆಯುವ ಕಾರ್ಯಕ್ರಮಗಳಲ್ಲಿ ಸುಮಾರಷ್ಟು ಜೊಳ್ಳು. ದೀಪ ಬೆಳಗಿಸೋದು, ಪ್ರಾರ್ಥನೆ, 'ಟೈಮ್ ಮ್ಯಾನೇಜ್‌ಮೆಂಟ್', 'ಒತ್ತಡ ನಿಭಾಯಿಸುವುದು ಹೇಗೆ', ಗ್ರೂಪ್ ಫೋಟೋ, ಸರ್ಟಿಫಿಕೇಟ್. ಒತ್ತಡ ಅನುಭವಿಸುವವರಿಗೆ ತರಬೇತಿ ಇದೆ, ಒತ್ತಡ ಹಾಕುವವರಿಗೆ ಇಲ್ಲ. ಕಾಲಿಗೆ ಚುಚ್ಚುವ ಚಪ್ಪಲಿ ಕೊಟ್ಟು ಕುಂಟದೇ ನಡೆಯೋದನ್ನ ಕಲಿಸಿದ ಹಾಗೆ. ಗೈಡ್‌ಗಳಿಗೂ ಎರಡು ದಿನ ತರಬೇತಿ ಇಡಿ ಅಂತ ನಾನು ಒಂದೆರಡು ಕಡೆ ಕೇಳಿದೆ. ಜನ ಬರಲ್ಲ ಮೇಡಂ ಅಂದರು.

ಕಾಗದದ ಮೇಲೆ ವ್ಯವಸ್ಥೆ ಇಲ್ಲ ಅಂತಲ್ಲ. ಯುಜಿಸಿಯ 2022ರ ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ ಏಕಕಾಲಕ್ಕೆ 8 ಜನರಿಗಿಂತ ಹೆಚ್ಚು ಪಿಎಚ್‌ಡಿ ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳುವ ಹಾಗಿಲ್ಲ. ಪ್ರತಿ ವಿದ್ಯಾರ್ಥಿಗೂ ಒಂದು ಸಂಶೋಧನಾ ಸಲಹಾ ಸಮಿತಿ ಇರಬೇಕು, ಸೆಮಿಸ್ಟರ್‌ಗೊಮ್ಮೆ ಆತ ಅದರ ಮುಂದೆ ಕೆಲಸ ಒಪ್ಪಿಸಬೇಕು. ಒಳ್ಳೇದೇ. ಆದರೆ ಆ ಸಮಿತಿಯ ಸಂಚಾಲಕರು ಯಾರು ಅಂದರೆ, ಅದೇ ಗೈಡ್. "ನನ್ನ ಗೈಡ್ ಹತ್ತಿರ ಇದನ್ನ ಹೇಳೋಕಾಗ್ತಿಲ್ಲ" ಅನ್ನುವ ಮಾತನ್ನು ಆ ಕೋಣೆಯಲ್ಲಿ ಯಾರು ಆಡ್ತಾರೆ ಹೇಳಿ?

ಹಾಗಂತ ಗೈಡ್‌ಗಳನ್ನೆಲ್ಲ ಅನುಮಾನಿಸಿ ಅಂತ ನಾನು ಹೇಳ್ತಿಲ್ಲ. ಗೈಡ್ ಆಗಿ ನನಗೂ ಇದು ಕಸಿವಿಸಿಯೇ. ನನ್ನ ವಿದ್ಯಾರ್ಥಿ ನನ್ನ ಬೆನ್ನ ಹಿಂದೆ ಬೇರೆಯವರ ಹತ್ತಿರ ನನ್ನ ವಿಷಯ ಮಾತಾಡ್ತಾನೆ ಅಂದರೆ ಯಾರಿಗೆ ಇಷ್ಟ ಆಗುತ್ತೆ? ಆದರೂ ಹೊಸದಾಗಿ ಸೇರುವವರಿಗೆ ಮೊದಲ ತಿಂಗಳಲ್ಲೇ ಒಂದು ಮಾತು ಹೇಳ್ತೀನಿ: ನಮ್ಮ ಲ್ಯಾಬಿನ ಹೊರಗೆ ಒಬ್ಬರನ್ನ ಹುಡುಕ್ಕೋ, ಅವರ ಹೆಸರು ನನಗೆ ಹೇಳಬೇಕಾಗಿಲ್ಲ. ಸೋಮವಾರದ ಮೀಟಿಂಗ್ ಶುರುವಾಗೋದು "ಈ ವಾರ ಏನು ಬರಲಿಲ್ಲ?" ಅನ್ನುವ ಪ್ರಶ್ನೆಯಿಂದ. ಮೊದಲ ಕೆಲವು ವಾರ ಎಲ್ಲರೂ ನೆಲ ನೋಡ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಬಾಯಿ ಬಿಡ್ತಾರೆ.

ಇದಕ್ಕೆ ಹೊಸ ಅನುದಾನ ಬೇಡ. ನಿಮ್ಮ ವಿಭಾಗದ ಸಲಹಾ ಸಮಿತಿ ಸೇರಿದಾಗ ಕೊನೆಯ ಹತ್ತು ನಿಮಿಷ ಗೈಡ್ ಎದ್ದು ಹೊರಗೆ ಹೋಗಿ ಕಾಫಿ ಕುಡಿದು ಬರಲಿ. ಅಷ್ಟರಿಂದ ಶುರು ಮಾಡಬಹುದು.